ಕೋಟಿನ ಗುಂಡಿಯ ಮೇಲೆ ಬೆಳೆದ ಹವಳ

ನಮ್ಮ ಕಟ್ಟಡದ ನೆಲಮಹಡಿಯ ದರ್ಜಿಯಮ್ಮನ ಮನೆಯಲ್ಲಿರುವ ಹವಳ ಅಂಗಡಿಯಿಂದ ಕೊಂಡು ತಂದಿಟ್ಟದ್ದು ಎಂಬ ಮಾತು ಬೀದಿಯಲ್ಲಿ ಓಡಾಡುತ್ತಿದೆ. ಇದು ಶುದ್ಧ ಸುಳ್ಳು. ಹಬ್ಬಿಸಿದವರು ಎದುರಿನ ದಿನಸಿ ಅಂಗಡಿಯವರು. ಅವರು ಆ ಮನೆಯ ಹೊಸಿಲು ದಾಟಿದವರೇ ಅಲ್ಲ. ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತನಾದ ನಾನು ಮೇಲಿನ ಮಹಡಿಯಲ್ಲೇ ವಾಸವಾಗಿದ್ದೇನೆ; ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೇಲಾಗಿ ಈ ಪ್ರಕರಣದಲ್ಲಿ ನನ್ನ ಕೋಟಿನ ಗುಂಡಿಯೊಂದು ಸೇರಿಕೊಂಡಿದೆ. ಆದ್ದರಿಂದ ಬರೆಯಲೇಬೇಕಾಯಿತು.

ಮೊದಲು ಒಂದು ತಿದ್ದುಪಡಿ. ಹವಳವೆಂದರೆ ಉಂಗುರದಲ್ಲಿ ಕೂರಿಸುವ ಕೆಂಪು ಕಲ್ಲು ಎಂದಷ್ಟೇ ಹಲವರು ತಿಳಿದಿದ್ದಾರೆ. ದರ್ಜಿಯಮ್ಮನ ಗಾಜಿನ ತೊಟ್ಟಿಯಲ್ಲಿರುವುದು ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಸಾಸಿವೆ ಕಾಳಿನಂಥ ಜೀವಿಗಳು ಒಟ್ಟುಗೂಡಿ, ಉಪ್ಪುನೀರಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ, ತಮ್ಮ ಮನೆಯನ್ನು ತಾವೇ ಕಟ್ಟಿಕೊಳ್ಳುತ್ತವೆ. ಅವಕ್ಕೆ ಬೆಳಕು, ಹರಿದಾಡುವ ನೀರು, ಹದವಾದ ಉಪ್ಪು ಬೇಕು. ಅದಕ್ಕಿಂತ ಹೆಚ್ಚಾಗಿ, ಇವೆಲ್ಲ ಒಂದೇ ಸಮನಾಗಿರಬೇಕು.

ಒಂದೇ ಸಮನಾಗಿ ಬಿಡುವುದು ದರ್ಜಿಯಮ್ಮನ ಜಾಯಮಾನವಲ್ಲ. ಅವರ ಕೈ ಸುಮ್ಮನಿರುವ ಕೈಯಲ್ಲ. ಹೊಲಿದಾದ ಬಟ್ಟೆಯನ್ನು ಕೊಡುವ ಮುನ್ನವೂ "ಭುಜದ ಹತ್ರ ಒಂಚೂರು ಹಿಡೀತೀನಿ, ನಿಂತ್ಕೊಳ್ಳಿ" ಎನ್ನುವರು. ಮದುವೆಯ ಫೋಟೊಗೆ ಕೂತಾಗಲೇ ವರನ ಕಾಲರು ಸರಿಪಡಿಸಿದರಂತೆ. ಆ ವರ, ಅಂದರೆ ಅವರ ಯಜಮಾನರು, ರೋಡ್ ರೋಲರ್ ಓಡಿಸುತ್ತಾರೆ. ಬೀದಿ ಅವರಿಗೆ ಇಟ್ಟಿರುವ ಹೆಸರು ನಿಧಾನಪ್ಪ. ಅವರು ಅದಕ್ಕೆ ಬೇಸರಪಟ್ಟದ್ದಿಲ್ಲ. ಬೇಸರಪಡಲೂ ಅವರಿಗೆ ಸಮಯ ಹಿಡಿಯುತ್ತದೆ.

ಹವಳದ ಮೂಲ ದರ್ಜಿಯಮ್ಮನ ಅಕ್ಕನ ಮನೆ. ದೂರದ ಊರಿನಲ್ಲಿ ದಾದಿಯಾಗಿರುವ ಆ ಅಕ್ಕ ತರುಣಿಯಾಗಿದ್ದಾಗಿನಿಂದ ಸಾಕಿದ ನೇರಳೆ ಬಣ್ಣದ ದೊಡ್ಡ ಗೊಂಚಲದು. ಅದರಿಂದ ಬೆರಳುದ್ದದ ಒಂದು ಕಡ್ಡಿ ಮುರಿದು ತಂಗಿಗೆ ಕೊಟ್ಟಿದ್ದರು. ಆ ಕಡ್ಡಿ ತೊಟ್ಟಿಯಲ್ಲಿ ನಿಲ್ಲದೆ ಕಲ್ಲುಗಳ ಸಂದಿಗೆ ಜಾರುತ್ತಿತ್ತು. ಆಗ ನನ್ನ ಕಂದು ಕೋಟು ಹೊಟ್ಟೆಯ ಭಾಗ ಸಡಿಲಿಸಲು ಅಲ್ಲಿತ್ತು. ಒಳಜೇಬಿನ ಹತ್ತಿರ ಹೊಲಿದಿದ್ದ ಹೆಚ್ಚುವರಿ ಪ್ಲಾಸ್ಟಿಕ್ ಗುಂಡಿಯನ್ನು ದರ್ಜಿಯಮ್ಮ ನನ್ನೆದುರೇ ಕತ್ತರಿಸಿ, ಕಡ್ಡಿಯನ್ನು ಅದರ ಮೇಲೆ ಅಂಟಿಸಿದರು.

"ಅದು ನನ್ನ ಗುಂಡಿ!" ಎಂದೆ.

"ಈ ಕೋಟಿಗೆ ನೀವು ಗುಂಡಿ ಹಾಕ್ಕೊಂಡಿದ್ದು ನಾನು ನೋಡೇ ಇಲ್ಲ ಸಾರ್. ಹಾಕೋಕಾದ್ರೆ ತಾನೇ!"

ಕೆಲವು ತಿಂಗಳ ಬಳಿಕ ಅಕ್ಕನ ಊರಿನಲ್ಲಿ ವಿದ್ಯುತ್ ಕೈಕೊಟ್ಟು, ನೀರಿನ ಪಂಪು ನಿಂತು, ಅವರ ತೊಟ್ಟಿಯಲ್ಲಿದ್ದದ್ದೆಲ್ಲ ಸತ್ತಿತು. ಫೋನಿನಲ್ಲಿ ಅಕ್ಕ, "ನಿನ್ನ ಹತ್ರ ಇರೋ ಚೂರೇ ಉಳಿದಿರೋದು ಕಣೇ. ಅದು ಬೆಳೆದ್ರೆ ನಂಗೊಂದು ತುಂಡು ಕೊಡು. ರಜಾ ಸಿಕ್ಕಾಗ ಬರ್ತೀನಿ" ಎಂದು ಅತ್ತರು.

ಅಂದಿನಿಂದ ದರ್ಜಿಯಮ್ಮ ತೊಟ್ಟಿಯ ಬೆನ್ನುಬಿದ್ದರು. ಬೆಳಗ್ಗೆ ಕಡ್ಡಿಯನ್ನು ದೀಪದ ಹತ್ತಿರ ಇಡುವರು, ಸಂಜೆ ಕೆಳಗಿಳಿಸುವರು. ಸುಣ್ಣದ ದ್ರಾವಣ ಇಂದು ಹೆಚ್ಚು, ನಾಳೆ ಕಡಿಮೆ. ಕಡ್ಡಿ ಎಳ್ಳಷ್ಟೂ ಬೆಳೆಯಲಿಲ್ಲ. ಬಣ್ಣ ಮಾತ್ರ ಮಂಕಾಯಿತು.

"ಅದನ್ನೇನು ರವಿಕೆ ಅಂದ್ಕೊಂಡ್ಯಾ, ದಿನಾ ಟ್ರಯಲ್ ನೋಡೋಕೆ?" ಎಂದರು ನಿಧಾನಪ್ಪ.

"ನೀವು ಸುಮ್ನಿರಿ. ನಿಮ್ ಥರ ಕೂತ್ರೆ ಅದೂ ಕೂತ್ಬಿಡುತ್ತೆ."

ಅಷ್ಟರಲ್ಲಿ ಒಂದು ವಾದ್ಯತಂಡಕ್ಕೆ ಸಮವಸ್ತ್ರ ಹೊಲಿಯುವ ಕೆಲಸ ಬಂದಿತು. ಚಿನ್ನದ ಬಣ್ಣದ ಪಟ್ಟಿ, ಭುಜಕ್ಕೆ ಕುಚ್ಚು, ತಲೆಯೆತ್ತಲೂ ಪುರಸೊತ್ತಿಲ್ಲ. ದರ್ಜಿಯಮ್ಮ ಗತ್ಯಂತರವಿಲ್ಲದೆ ತೊಟ್ಟಿಯನ್ನು ಗಂಡನಿಗೆ ಒಪ್ಪಿಸಿ, ಮಾಡಬೇಕಾದ್ದನ್ನೆಲ್ಲ ಹೇಳತೊಡಗಿದರು. ನಿಧಾನಪ್ಪ ಕೈಯೆತ್ತಿದರು.

"ಇಷ್ಟೆಲ್ಲ ನನ್ ಕೈಲಾಗಲ್ಲ. ಎರಡು ಕೆಲಸ ಹೇಳು, ತಪ್ಪದೆ ಮಾಡ್ತೀನಿ."

ಆಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗಾಜಿನ ಹೊರಗೆ ಗೆರೆ ಎಳೆದರು. ನೀರು ಆವಿಯಾಗಿ ಗೆರೆಗಿಂತ ಇಳಿದರೆ ಅಷ್ಟೇ ಸಿಹಿನೀರು ಸುರಿಯಬೇಕು. ಉಪ್ಪು ಆವಿಯಾಗದು ಎಂಬುದನ್ನು ಓದುಗರು ಗಮನಿಸಬೇಕು. ಭಾನುವಾರ ಒಂದು ಬಕೆಟ್ ನೀರು ತೆಗೆದು, ಅಳೆದು ಬೆರೆಸಿದ ಹೊಸ ಉಪ್ಪುನೀರು ಹಾಕಬೇಕು. ನಿಧಾನಪ್ಪ ಈ ಎರಡನ್ನು ಮಾಡಿದರು. ಮೂರನೆಯದನ್ನು ಮಾಡಲಿಲ್ಲ. ಉಳಿದ ಹೊತ್ತು ಎದುರಿನ ಕುರ್ಚಿಯಲ್ಲಿ ಕೂತು ನೋಡಿದರು.

ಸಮವಸ್ತ್ರಗಳು ಮುಗಿಯುವ ಹೊತ್ತಿಗೆ ಕಡ್ಡಿ ಕವಲೊಡೆದಿತ್ತು! ಪ್ರತಿ ಕವಲಿನ ತುದಿಯೂ ಬೆಳ್ಳಗಿತ್ತು. ಅದು ರೋಗವಲ್ಲ, ಹೊಸ ಬೆಳವಣಿಗೆ. ದರ್ಜಿಯಮ್ಮ ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟರು. ನಂತರವೂ ತೊಟ್ಟಿ ನಿಧಾನಪ್ಪನವರ ವಶದಲ್ಲೇ ಉಳಿಯಿತು. ಆಕೆಯ ಕೈ ನೀರಿನ ಕಡೆ ಹೋದಾಗಲೆಲ್ಲ ಅವರು ಕೆಮ್ಮುತ್ತಿದ್ದರು.

ಮುಂದಿನ ವರ್ಷ ಅಕ್ಕ ಬಂದರು. ಬೀದಿಯಲ್ಲಿ ಮನೆ ಕೇಳಿದ್ದು ಆ ದಿನಸಿಯವರನ್ನೇ. ಅವರು ದಾರಿಯ ಜೊತೆಗೆ ತಮ್ಮ ಕಟ್ಟುಕಥೆಯನ್ನೂ ಒಪ್ಪಿಸಿದ್ದರು. ಅಂಗೈಯಗಲದ ಗೊಂಚಲನ್ನು ಕಂಡೊಡನೆ ಅಕ್ಕನ ಮುಖ ಬಾಡಿತು.

"ನನ್ ಸಮಾಧಾನಕ್ಕೆ ಬೇರೆ ತಂದಿಟ್ಯಾ? ಬೆರಳುದ್ದ ಕೊಟ್ಟಿದ್ದೆ. ನಿನ್ನ ಕೈಯಲ್ಲಿ ಇಷ್ಟು ಬೆಳೆಯುತ್ತಾ?"

"ನನ್ ಕೈಯಲ್ಲಿ ಬೆಳೀಲಿಲ್ಲ ಅಕ್ಕಾ, ಅದೇ ಅಲ್ವಾ ಸಂಗತಿ!"

ಮಾತಿನಿಂದ ಕೆಲಸವಾಗಲಿಲ್ಲ. ಸಾಕ್ಷಿಗೆಂದು ನನ್ನನ್ನು ಕೂಗಿದರು. ನಾನು ಕೋಟು ಹಾಕಿಕೊಂಡೇ ಇಳಿದೆ. ನಿಧಾನಪ್ಪ ತೋಳು ತೊಳೆದು, ಗೊಂಚಲನ್ನು ಹುಷಾರಾಗಿ ಎತ್ತಿ ತಿರುಗಿಸಿದರು. ಅಡಿಯಲ್ಲಿ ಗುಂಡಿ! ನೇರಳೆ ಬಣ್ಣ ಅಂಚು ದಾಟಿ ಹರಡಿತ್ತು. ಮೂರು ತೂತು ಮುಚ್ಚಿ, ನಾಲ್ಕನೆಯದು ಮಾತ್ರ ಕಾಣುತ್ತಿತ್ತು. ಅಕ್ಕ ನನ್ನ ಕೋಟಿನ ಗುಂಡಿಯ ಪಕ್ಕ ಅದನ್ನು ಹಿಡಿದು ನೋಡಿದರು. ಅದೇ ಕಂದು, ಅದೇ ಅಂಚಿನ ಗೀರು.

"ನನ್ನದೇ ಕಣೇ!" ಎಂದು ತಂಗಿಯನ್ನು ಅಪ್ಪಿಕೊಂಡರು.

ತುಂಡು ಮಾಡುವಾಗ ಮಾತ್ರ ದಿನವಿಡೀ ಕತ್ತರಿ ಹಿಡಿಯುವ ದರ್ಜಿಯಮ್ಮ ಕತ್ತರಿಯನ್ನು ಅಕ್ಕನ ಕೈಗಿತ್ತರು. ಅಕ್ಕನೇ ಎರಡು ಕವಲು ಕತ್ತರಿಸಿಕೊಂಡರು.

"ಇದನ್ನ ಯಾವುದರ ಮೇಲೆ ಅಂಟಿಸೋಣ?" ಎಂದರು ಅಕ್ಕ.

ಮೂವರೂ ನನ್ನ ಕೋಟನ್ನು ನೋಡಿದರು. ಈಗ ಅದರಲ್ಲಿ ಒಂದು ಗುಂಡಿ ಕಡಿಮೆ ಇದೆ. ಆ ಗುಂಡಿಯನ್ನು ನಾನು ಅಕ್ಕನಿಗೆ ಮಾರಿದ್ದೇನೆ ಎಂದು ದಿನಸಿಯವರು ಹೇಳಿದರೆ, ಅದೂ ಸುಳ್ಳು.