ಪತ್ತೇದಾರಿ ಸಿಸ್ಟರ್ ಖಾಲಿ ಬಿಟ್ಟ ಉತ್ತರಗಳು

ಆಸ್ಪತ್ರೆಯಲ್ಲಿ ಅವಳಿಗೆ ಪತ್ತೇದಾರಿ ಸಿಸ್ಟರ್ ಎಂದೇ ಹೆಸರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ ಹಾಗೇ ಕರೆಯುತ್ತಿದ್ದರು. ಅವಳಿಗದು ಬೇಜಾರಿನ ವಿಷಯವೇ ಅಲ್ಲ. ಔಷಧಿಯ ಸೀಸೆಯನ್ನು ಬೆಳಕಿಗೆ ಹಿಡಿದು ಕೊನೆಯ ಸಣ್ಣ ಅಕ್ಷರದವರೆಗೂ ಓದದೆ ಅವಳು ಸಿರಿಂಜಿಗೆ ಎಳೆದವಳಲ್ಲ. ಡಾಕ್ಟರು ಬರೆದದ್ದು ಅರ್ಥವಾಗದಿದ್ದರೆ ಅಂದಾಜಿನಲ್ಲಿ ಕೊಡುವ ಮಾತೇ ಇಲ್ಲ, ಊಟಕ್ಕೆ ಕೂತಿದ್ದರೂ ಎಬ್ಬಿಸಿ ಕೇಳುತ್ತಿದ್ದಳು. "ಬೈದ್ರೆ ಬೈಲಿ, ಪೇಷಂಟ್ ಬದುಕಿದಾನಲ್ಲ" ಎನ್ನುವಳು. ಒಳ್ಳೆಯ ಗುಣವೇ, ಯಾರು ಬೇಡ ಎಂದರು? ಆದರೆ ಯೂನಿಫಾರ್ಮಿನ ಜೊತೆ ಕಳಚಿಡುವ ಗುಣವಲ್ಲವಲ್ಲ ಅದು, ಅವಳ ಹಿಂದೆಯೇ ಮನೆಗೂ ಬರುತ್ತಿತ್ತು. ಹಣ್ಣಿನವನ ತಕ್ಕಡಿ, ಪಕ್ಕದ ಮನೆಯಾಕೆಯ ನಗು, ಗಂಡನ ಫೋನಿನಲ್ಲಿ ಹಿಂದುಗಡೆ ಕೇಳುವ ಸದ್ದು, ಎಲ್ಲದರ ಮೇಲೂ ಗುಮಾನಿ.

ಗಂಡ ಪರದೇಶದಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಹೋಗಿ ಎರಡು ವರ್ಷ ದಾಟಿತ್ತು. ಅಲ್ಲಿಯ ಆಸ್ಪತ್ರೆಯೊಂದು ಇವಳಿಗೂ ಕೆಲಸ ಕೊಡಲು ಒಪ್ಪಿತ್ತು, ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳಿದಷ್ಟು ಅಂಕ ಬಂದರೆ. ಮಾತು, ಬರಹ, ಕೇಳಿಸಿಕೊಂಡು ಉತ್ತರಿಸುವುದು, ಎಲ್ಲ ಗೆದ್ದಿದ್ದಳು. ಓದುವ ಭಾಗದಲ್ಲಿ ಮುಗ್ಗರಿಸಿದ್ದಳು. ಇನ್ನೊಂದು ಸಲ ಬರೆಯಬಹುದು, ಅದೂ ಹೋದರೆ ಕೆಲಸ ಬೇರೆಯವರಿಗೆ ಎಂದು ಅವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಪಾಠ ಹೇಳಿಕೊಡುತ್ತಿದ್ದವಳು ಅದೇ ಮನೆಯಲ್ಲಿದ್ದ ನಾದಿನಿ. ಇದೇ ಪರೀಕ್ಷೆಗೆ ತರಬೇತಿ ಕೊಡುವ ಸೆಂಟರಿನಲ್ಲಿ ಅವಳು ಮೇಡಂ.

"ಅತ್ತಿಗೆ, ಮೊದ್ಲು ಪ್ರಶ್ನೆ ನೋಡಿ. ಆಮೇಲೆ ಪ್ರತಿ ಪ್ಯಾರಾದ ಮೊದಲ ಸಾಲಿನ ಮೇಲೆ ಕಣ್ಣಾಡಿಸಿ. ಎಲ್ಲಾ ಓದ್ತಾ ಕೂತ್ರೆ ಟೈಮ್ ಸಾಲಲ್ಲ."

"ಓದೋ ಪರೀಕ್ಷೇಲೇ ಓದ್ಬೇಡ ಅಂತೀಯಲ್ಲೇ!"

"ಬೇಕಾದ್ದನ್ನ ಹುಡುಕಿ ಓದಿ ಅಂದೆ. ಯಾವುದಾದ್ರೂ ಪ್ರಶ್ನೆ ಸತಾಯಿಸಿದ್ರೆ ಬಿಟ್ಟು ಮುಂದಕ್ಕೆ ಹೋಗಿ. ಕೊನೇಲೂ ಹೊಳೀಲಿಲ್ವಾ, ಯಾವುದಕ್ಕೋ ಒಂದಕ್ಕೆ ಗುರುತು ಹಾಕ್ಬಿಡಿ. ತಪ್ಪಾದ್ರೆ ಅಂಕ ಕಳೆಯಲ್ಲ. ಖಾಲಿ ಮಾತ್ರ ಬಿಡ್ಬೇಡಿ."

ಗುರುತು ಹಾಕಿಬಿಡುವುದಂತೆ! ಇವಳಿಗೆ ಮೈಯೆಲ್ಲ ಉರಿದುಹೋಯಿತು. ಅಂದಾಜಿನಲ್ಲಿ ಗುರುತು ಹಾಕುವ ನರ್ಸನ್ನು ಯಾವ ಆಸ್ಪತ್ರೆಯವರು ಒಳಗೆ ಬಿಟ್ಟುಕೊಳ್ಳುತ್ತಾರೆ? ಅಭ್ಯಾಸಕ್ಕೆಂದು ನಾದಿನಿ ಕೊಟ್ಟ, ನಿದ್ರೆಯ ಬಗೆಗಿನ ಪಾಠವನ್ನು ಮೂರು ಸಲ ಓದಿ, "ಇದನ್ನ ಬರೆದೋನು ಜನ್ಮದಲ್ಲಿ ನೈಟ್ ಡ್ಯೂಟಿ ಮಾಡಿಲ್ಲ, ಎಲ್ಲಾ ಸುಳ್ಳು" ಎಂದು ಪಕ್ಕಕ್ಕೆಸೆದಳು.

"ಅವನು ಬರೆದಿದ್ದು ಸರಿನೋ ತಪ್ಪೋ ಅಂತ ಯಾರು ಕೇಳಿದ್ರು ಅತ್ತಿಗೆ? ಅಲ್ಲಿ ಏನಿದೆ ಅಂತಷ್ಟೇ ಕೇಳ್ತಾರೆ" ಎಂದು ನಾದಿನಿ ನಕ್ಕಳು.

ಆ ನಗು ಇವಳಿಗೆ ಸರಿಬೀಳಲಿಲ್ಲ. ಕೂತು ಲೆಕ್ಕ ಹಾಕಿದಳು. ಅತ್ತೆಗೆ ಒಂದು ಮಗ್ಗುಲು ಸ್ವಾಧೀನವಿಲ್ಲ. ಹೊರಳಿಸುವುದು, ಒರೆಸುವುದು, ತಿನ್ನಿಸುವುದು ಎಲ್ಲ ಸೊಸೆಯ ಪಾಲಿನ ಕೆಲಸ. ಸೊಸೆ ವಿಮಾನ ಹತ್ತಿದರೆ ಅದೆಲ್ಲ ಯಾರ ತಲೆಗೆ ಬೀಳುತ್ತದೆ? ಮಗಳ ತಲೆಗೆ. ಅಂದ ಮೇಲೆ ಈ ಮೇಡಂಗೆ ನಾನು ಪಾಸಾಗುವುದು ಬೇಕಾಗಿರುತ್ತದೆಯೇ?

ಒಮ್ಮೆ ಸಂಶಯ ಹೊಕ್ಕಿತೆಂದರೆ ಸಾಕ್ಷಿಗೇನು ಬರ? ನಾದಿನಿ ಈಚೆಗೆ ಮಧ್ಯಾಹ್ನವೇ ಮನೆಗೆ ಬರತೊಡಗಿದ್ದಳು. "ಯಾಕೆ ಇಷ್ಟು ಬೇಗ?" ಎಂದರೆ, "ಕ್ಲಾಸ್ ಇರ್ಲಿಲ್ಲ" ಎಂದು ಹಾರಿಕೆಯ ಉತ್ತರ. ಇವಳು ಅತ್ತೆಯನ್ನು ಹೊರಳಿಸುವಾಗ, ಅವರಿಗೆ ತಿನ್ನಿಸುವಾಗ ಮಂಚದ ಪಕ್ಕ ನಿಂತು ಎವೆಯಿಕ್ಕದೆ ನೋಡುವುದು ಬೇರೆ. "ಅಲ್ಲಿ ದಿಂಬು ಯಾಕೆ ಇಟ್ರಿ?" "ಗಂಟಲಿಗೆ ಸಿಕ್ಕಿಕೊಂಡ್ರೆ ಏನ್ಮಾಡ್ತೀರಿ?" ಓಹೋ, ತಪ್ಪು ಹುಡುಕಿ ಅಣ್ಣನಿಗೆ ಚಾಡಿ ಹೇಳಲಿಕ್ಕೆ! ಇವಳು ಬೇಕೆಂದೇ ಬೆನ್ನು ತಿರುಗಿಸಿ, ಕೈ ಕಾಣದ ಹಾಗೆ ಕೆಲಸ ಮಾಡಿದಳು.

ಪರೀಕ್ಷೆಯ ದಿನ ಕಂಪ್ಯೂಟರಿನ ಮುಂದೆ ಕೂತವಳು ಮೊದಲ ಪಾಠವನ್ನು ಮೊದಲ ಅಕ್ಷರದಿಂದ ಓದಿದಳು. ಎಲ್ಲೋ ಕೊಕ್ಕೆ ಇದೆಯೆಂದು ಮತ್ತೆ ಓದಿದಳು. ಮೂರನೆಯ ಪಾಠಕ್ಕೆ ಬರುವಷ್ಟರಲ್ಲಿ ಸಮಯ ಓಡಿಹೋಗಿತ್ತು. ಪರದೆಯ ಮೇಲೆ ಏಳು ಪ್ರಶ್ನೆಗಳು ಖಾಲಿ ಉಳಿದಿದ್ದವು. ಕೈ ಮೌಸಿನ ಮೇಲೆ ಹೋಯಿತು. ನಾದಿನಿಯ ನಗುಮುಖ ಕಣ್ಣಮುಂದೆ ಬಂತು. ನಿನ್ನ ಮಾತು ಕೇಳಿ ಹಳ್ಳಕ್ಕೆ ಬೀಳುತ್ತೇನೆಂದುಕೊಂಡೆಯಾ ಎಂದು ಮನಸ್ಸಿನಲ್ಲೇ ಕೇಳಿ, ಕೈ ಹಿಂದಕ್ಕೆ ತೆಗೆದಳು.

ಫಲಿತಾಂಶ ಬಂತು. ಒಂದೇ ಒಂದು ಉತ್ತರ ಕಡಿಮೆ.

"ಖಾಲಿ ಎಷ್ಟು ಬಿಟ್ರಿ?" ನಾದಿನಿ ಕೇಳಿದಳು.

"ಏಳು."

ನಾದಿನಿ ಗೋಡೆಗೊರಗಿ ನೆಲದ ಮೇಲೇ ಕುಸಿದು ಕೂತಳು. ಕಣ್ಣಲ್ಲಿ ನೀರು ತುಂಬಿತು.

"ಸಾಕು ಮಾಡು ನಾಟಕ. ನಿಂಗೆ ಬೇಕಾಗಿದ್ದೇ ಆಯ್ತಲ್ಲ! ನಾನೆಲ್ಲೂ ಹೋಗಲ್ಲ. ನಿಮ್ಮಮ್ಮನ್ನ ನೋಡ್ಕೊಂಡು ಇಲ್ಲೇ ಬಿದ್ದಿರ್ತೀನಿ. ನೀನು ಹಾಯಾಗಿ ಪಾಠ ಮಾಡ್ಕೊಂಡಿರು."

ಮಂಚದಿಂದ ಅತ್ತೆ, ಸೊಟ್ಟಗಾದ ಬಾಯಿಂದಲೇ ಕಷ್ಟಪಟ್ಟು ಹೇಳಿದರು, "ಯಾವ ಪಾಠನೇ? ಅವಳು ಕೆಲಸ ಬಿಟ್ಟು ತಿಂಗಳಾಯ್ತು. ನೀನು ಹೋದ್ಮೇಲೆ ನನ್ನ ನೋಡ್ಕೋಬೇಕಲ್ಲ ಅಂತ. ನಿಂಗೆ ಹೇಳ್ಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಲು."

ಮಂಚದ ಪಕ್ಕ ನಿಂತು ನೋಡುತ್ತಿದ್ದ ನಾದಿನಿ ಇವಳಿಗೆ ನೆನಪಾದಳು. ಚಾಡಿಗಲ್ಲ, ಕಲಿಯಲಿಕ್ಕೆ ನಿಂತಿದ್ದಳು ಹುಡುಗಿ. ನಾನೋ ಬೆನ್ನು ತಿರುಗಿಸಿದೆ. ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು.

"ಮತ್ತೆ ಹೋಗಿ ಕೇಳೇ. ಸೇರಿಸ್ಕೊಳ್ತಾರೆ."

"ಆ ಜಾಗಕ್ಕೆ ಬೇರೆಯವರು ಬಂದಾಯ್ತು."

"ನಂಗೆ ಒಂದು ಮಾತು ಹೇಳ್ಬಾರದಿತ್ತಾ?"

ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಹೇಳಿದ್ರೆ ನಂಬ್ತಿದ್ರಾ ಅತ್ತಿಗೆ?"

ಪತ್ತೇದಾರಿ ಸಿಸ್ಟರ್ ಅವಳ ಎದುರಿಗೆ ನೆಲದ ಮೇಲೆ ಕೂತಳು. "ಇಲ್ಲ" ಎಂದಳು.