ಚಪ್ಪಲಿ ಕಂಡ ಆವನಿ

ಬ್ಲೌಸಿನ ತೋಳಿಗೆ ನವಿಲು, ದಿಂಬಿನ ಕವರಿಗೆ ಗುಲಾಬಿ ಹಾಕಿಕೊಂಡು ಸುಖವಾಗಿದ್ದವಳು ನಾನು. ಮಗಳು ದೊಡ್ಡ ಫೋನು ಕೊಡಿಸಿದ ಮೇಲೆ ಆ ಸುಖ ಕೆಟ್ಟಿತು. ಊರೂರು ಸುತ್ತಿ, ಕಂಡದ್ದನ್ನೆಲ್ಲ ವಿಡಿಯೋ ಮಾಡಿ, ಮನೆಗೆ ಬಂದು ಅದನ್ನೇ ಬಟ್ಟೆಯ ಮೇಲೆ ಕಸೂತಿ ಹಾಕುವ ಹೆಂಗಸರನ್ನು ನೋಡುತ್ತಾ ಕೂರುವುದು ಚಟವಾಯಿತು. ಅವರು ಸಮುದ್ರ ಹೊಲಿಯುತ್ತಿದ್ದರು, ಮರಳುಗಾಡು ಹೊಲಿಯುತ್ತಿದ್ದರು. ಇತ್ತ ಕೋಲಾರದ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಸೀಯುತ್ತಿತ್ತು. ನಾನೂ ಕಲಾವಿದೆಯೇ, ಒಂದು ಪ್ರಯಾಣ ಮಾತ್ರ ಬಾಕಿ ಅನ್ನಿಸಿಬಿಟ್ಟಿತು.

ಮಾವಿನ ಕಾಲದಲ್ಲಿ ಮಾಲೂರಿನಿಂದ ಅಕ್ಕ ಬಂದಳು. ಬೆಳಗಿನ ಹೊತ್ತು ಆವನಿ ಬೆಟ್ಟ ನೇರಳೆ ಬಣ್ಣಕ್ಕೆ ತಿರುಗುವ ವಿಡಿಯೋ ತೋರಿಸಿ ಅವಳನ್ನು ಹೊರಡಿಸಿದೆ. ನೇರಳೆ ದಾರ ಮೊದಲೇ ಕೊಂಡು ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಮುಳಬಾಗಿಲಿಗೆ ಬಸ್ಸು, ಅಲ್ಲಿಂದ ಆಟೋ ಹಿಡಿದು ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬೆಟ್ಟ ಬೂದು ಬಣ್ಣದಲ್ಲಿ ಕೂತಿತ್ತು.

"ಎಲ್ಲೇ ನಿನ್ನ ನೇರಳೆ?" ಅಂದಳು ಅಕ್ಕ.

"ಅದೆಲ್ಲ ಆಮೇಲೆ ಫೋನಲ್ಲಿ ಹಾಕ್ಕೋತಾರಕ್ಕ," ಅಂದೆ, ತಿಳಿದವಳ ಹಾಗೆ.

ದೇವಸ್ಥಾನದ ಕಂಬ, ಗೋಡೆಯ ಮೇಲಿನ ಆನೆ, ಬೆಟ್ಟದ ಮೆಟ್ಟಿಲು ಎಲ್ಲದರ ಮುಂದೂ ಫೋನು ಹಿಡಿದು ನಿಂತೆ, ಜೊತೆಗೆ ಗಂಭೀರ ದನಿಯಲ್ಲಿ ವಿವರಣೆ. ಅಕ್ಕ ಸುಮ್ಮನೆ ನೋಡುತ್ತಾ ನಡೆದಳು. ಹಿಂದಿರುಗುವಾಗ ಹಣ್ಣಿಗೆಂದು ಶ್ರೀನಿವಾಸಪುರದ ಮೇಲೆ ಬಂದೆವು. ಅಲ್ಲಿನ ಮಾವಿನ ರಾಶಿಗಳನ್ನೂ ಬಿಡಲಿಲ್ಲ.

ಸಂಜೆ ಪಕ್ಕದ ಮನೆಯವರನ್ನು ಕರೆದು ಕಾಫಿ ಕೊಟ್ಟು ಕೂರಿಸಿದೆ. ನಮ್ಮ ಯಜಮಾನರು ಫೋನನ್ನು ಟಿವಿಗೆ ಜೋಡಿಸಿದರು. ಟಿವಿ ತುಂಬಾ ನನ್ನ ಚಪ್ಪಲಿ ಬಂತು. ಮುಂದೆ ಹೋದರೂ ಚಪ್ಪಲಿ. ಆಮೇಲೆ ಬಂಡೆ, ಧೂಳು, ಬ್ಯಾಗಿನೊಳಗಿನ ಕತ್ತಲೆ, ಮಾವಿನ ಮಂಡಿಯ ನೆಲದಲ್ಲಿ ಹರಡಿದ ಹುಲ್ಲು. ನಾನು ಮೊದಲ ಸಲ ಒತ್ತಿದಾಗ ಫೋನು ಕೇಳಿಸಿಕೊಂಡಿರಲಿಲ್ಲ. ನಿಲ್ಲಿಸಲು ಒತ್ತಿದಾಗ ಶುರು ಮಾಡಿತ್ತು. ಅಲ್ಲಿಂದಾಚೆ ಇಡೀ ದಿನ ಎಲ್ಲವೂ ತಿರುಗುಮುರುಗು. ನನ್ನ ವಿವರಣೆಯ ಒಂದಕ್ಷರವೂ ಇರಲಿಲ್ಲ. ಬದಲಿಗೆ ಮಜ್ಜಿಗೆ ಮಾರುವಾಕೆಯ ಹತ್ತಿರ ಅಕ್ಕ ತೆಲುಗಿನಲ್ಲಿ ಹೇಳಿದ ಮಾತು ಸ್ಪಷ್ಟವಾಗಿ ಬಂತು: "ಮಾ ಚೆಲ್ಲೆಲು ಗುಡಿ ಚೂಡಲೇದು, ಫೋನೇ ಚೂಸಿಂದಿ." ತಂಗಿ ಗುಡಿ ನೋಡಲಿಲ್ಲ, ಫೋನನ್ನೇ ನೋಡಿದಳು ಎಂಬ ಈ ದೂರಿಗೆ ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಲೋಟ ಎತ್ತುವ ನೆಪದಲ್ಲಿ ಒಳಗೆ ಹೋದೆ.

ಅಕ್ಕ ಊರಿಗೆ ಹೋದ ಮೇಲೆ, ಅಳಿಸಿಹಾಕೋಣವೆಂದು ಒಬ್ಬಳೇ ಕೂತು ಅದನ್ನು ಮತ್ತೆ ಹಾಕಿದೆ. ದನಿ ನಿಲ್ಲಿಸಿದ್ದೆ. ಒಂದು ಕಡೆ ಕೈ ತಡೆಯಿತು. ಬಿಸಿಲಿಗೆ ಕಾದ ಬಂಡೆ, ಅದರ ಮೇಲೆ ಹಸಿರು ಬಿಳಿ ಕಲ್ಲುಹೂವಿನ ಮಚ್ಚೆಗಳು, ಮೇಲಿನ ಮೂಲೆಯಲ್ಲಿ ಅಕ್ಕನ ಸೀರೆಯ ಕೆಂಪಂಚು ಹಾರುತ್ತಾ ಹೋಗುತ್ತಿದೆ. ಅಷ್ಟು ಚೆನ್ನಾಗಿರುವುದನ್ನು ನಾನು ಬೇಕೆಂದು ತೆಗೆದಿರಲು ಸಾಧ್ಯವೇ ಇರಲಿಲ್ಲ.

ಯಜಮಾನರ ಹಳೆಯ ಪಂಚೆ ಹರಿದು ಅದರ ಮೇಲೆ ಹೊಲಿಯತೊಡಗಿದೆ. ಬಂಡೆಗೆ ಬೂದು ದಾರ ಸಾಲದೆ ಕಂದು ಸೇರಿಸಿದೆ. ಕಲ್ಲುಹೂವಿಗೆ ಸಣ್ಣ ಸಣ್ಣ ಗಂಟು ಹಾಕಿದೆ. ಮಚ್ಚೆ ತಪ್ಪಿದಾಗಲೆಲ್ಲ ಫೋನು ನೋಡಿ ಬಿಚ್ಚಿದೆ, ಮತ್ತೆ ಹಾಕಿದೆ. ಮುಗಿಸುವಷ್ಟರಲ್ಲಿ ಮಾವಿನ ಕಾಲವೇ ಮುಗಿದಿತ್ತು.

ಕೋಲಾರದ ಕಾಲೇಜೊಂದರಲ್ಲಿ ಕೈಕೆಲಸದ ಪ್ರದರ್ಶನ ಇಟ್ಟಾಗ ಅದನ್ನು ಕೊಟ್ಟೆ. ಯಾರು ಏನನ್ನುತ್ತಾರೋ ಕೇಳಲು ಯಾರೋ ಹೊರಗಿನವಳ ಹಾಗೆ ಪಕ್ಕದಲ್ಲೇ ಸುಳಿದಾಡಿದೆ. ಒಬ್ಬರು ಇದು ಜಿಲ್ಲೆಯ ನಕ್ಷೆಯಾ ಅಂದರು. ಇನ್ನೊಬ್ಬರು ಬೂಷ್ಟು ಹಿಡಿದ ಬಟ್ಟೆ ಯಾಕೆ ತಗುಲಿಹಾಕಿದಾರೆ ಅಂದರು. ನಾನೂ ತಲೆಯಾಡಿಸಿದೆ.

ಮಧ್ಯಾಹ್ನ ಅಕ್ಕ ಬಂದಳು. ಬಹಳ ಹೊತ್ತು ನಿಂತು ನೋಡಿ ಕೆಂಪಂಚಿನ ಮೇಲೆ ಬೆರಳಿಟ್ಟಳು.

"ಇದು ನನ್ನ ಸೀರೆ ಅಲ್ವೇನೇ?"

"ಹೂಂ ಅಕ್ಕ."

"ನಾನು ಅವತ್ತು ಮುಂದೆ ಹೋಗ್ತಾ ಇದ್ದೆ. ನೀನು ಹಿಂದೆ ಬಿದ್ದಿದ್ದೆ," ಅಂದಳು. ನಕ್ಕಾಳೆಂದು ಕಾದೆ, ನಗಲಿಲ್ಲ. "ನನಗೆ ಕೊಡ್ತೀಯಾ?"

ಕೊಟ್ಟೆ. ಕಳೆದ ತಿಂಗಳು ಮಾಲೂರಿಗೆ ಹೋದಾಗ ಅದು ನಡುಮನೆಯ ಗೋಡೆಯ ಮೇಲೆ ಗಾಜಿನ ಫ್ರೇಮಿನಲ್ಲಿತ್ತು. ತಲೆಕೆಳಗಾಗಿ. ಬಂಡೆ ಮೇಲಕ್ಕೆ, ಕೆಂಪಂಚು ಕೆಳಕ್ಕೆ. ಅಕ್ಕ ಯಾರೋ ನೆಂಟರಿಗೆ ಅದನ್ನು ತೋರಿಸುತ್ತಾ, "ಇದು ನಮ್ಮ ತಂಗಿ ಹಾಕಿರೋದು, ಮೋಡ ಕವಿದ ಆಕಾಶ, ಕೆಳಗಿರೋದು ನನ್ನ ಸೀರೆ" ಅನ್ನುತ್ತಿದ್ದಳು. ನೆಂಟರು ನನ್ನ ಕಡೆ ತಿರುಗಿದರು.

"ಹೌದು, ಮೋಡ," ಅಂದೆ.