ಜೋಗದ ಮುಂದೆ ಗಾಳಿಗೆ ಕಾದದ್ದು

ಎರಡು ಸಾವಿರದ ಇನ್ನೂರು ರೂಪಾಯಿ. ಕೊಟ್ಟೂರಿನಿಂದ ಜೋಗಕ್ಕೆ ಹೋಗಿ ಬರಲು ಟ್ರ್ಯಾಕ್ಸ್ ಬಾಡಿಗೆ. ಡ್ರೈವರ್ ಬಸಣ್ಣ ಮೂರು ಸಾವಿರದಿಂದ ಶುರು ಮಾಡಿದ್ದ, ಇಳಿಸಿದೆ. (ಇಳಿಸದಿದ್ದರೆ ನನಗೆ ಊಟ ಸೇರುವುದಿಲ್ಲ.)

ಇಷ್ಟು ಖರ್ಚು ಯಾಕೆ? ನಮ್ಮ ಅವ್ವನ ಒಂದು ಪ್ರಶ್ನೆಗೆ. ನನ್ನ ಪಾತ್ರೆ ಅಂಗಡಿಯ ಗೋಡೆಯಲ್ಲಿ ಜೋಗದ ಕ್ಯಾಲೆಂಡರ್ ಇತ್ತು. ವರ್ಷ ಮುಗಿದರೂ ಅವ್ವ ತೆಗೆಯಗೊಡಲಿಲ್ಲ.

“ತಮ್ಮಾ, ಇಷ್ಟು ಎತ್ತರದಿಂದ ನೀರು ಖರೇನೇ ಬೀಳತೈತೋ, ಪೇಂಟ್ ಮಾಡ್ಯಾರೋ?”

ತಂಬ್ರಹಳ್ಳಿ ಕಡೆ ಹುಟ್ಟಿ, ಹೊಲ ಮನೆ ಬಿಟ್ಟು ದೂರ ಹೋಗದ ಎಪ್ಪತ್ತರ ಹೆಂಗಸು. ಒಮ್ಮೆ ಕಣ್ಣಾರೆ ನೋಡಿಬಿಡಲಿ ಎಂದುಕೊಂಡೆ.

ಹೆಚ್ಚು ಮಳೆಯಾದರೆ ಹೆಚ್ಚು ಜೋಗ. ಬಯಲುಸೀಮೆಯವರ ಲೆಕ್ಕ ಇಷ್ಟೇ ಅಲ್ಲವೇ? ಮಲೆನಾಡಿನಲ್ಲಿ ಭಾರಿ ಮಳೆ ಎಂದು ಪೇಪರಿನಲ್ಲಿ ಓದಿದ ಮರುದಿನವೇ ಹೊರಟೆವು.

ಹೋಗಿ ನಿಂತರೆ ಏನಿದೆ? ಬರೀ ಮಂಜು. ಕಂಬಿಯಾಚೆ ಕೈ ಚಾಚಿದರೆ ಕೈಯೇ ಕಾಣದು. ಗುಡುಗಿನಂಥ ಸದ್ದು ಮಾತ್ರ. ಒಬ್ಬರು ಆ ಮಂಜಿಗೇ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು! ಬುತ್ತಿ ಬಿಚ್ಚಿದರೆ ನಮ್ಮೂರ ಮಂಡಕ್ಕಿ ಹತ್ತಿಯಂತೆ ಮೆತ್ತಗಾಗಿತ್ತು.

ಒಂದು ತಾಸಾಯಿತು. ಬಸಣ್ಣ ಬಂದ. “ಸಾವ್ಕಾರ್ರೆ, ನಡೀರಿ. ಕತ್ತಲಾದ್ರ ಈ ಕಾಡಿನ್ಯಾಗ ನಾ ಗಾಡಿ ಹೊಡ್ಯಂಗಿಲ್ಲ ನೋಡ್ರಿ.”

“ಅವ್ವಾ, ನಡಿ. ಸದ್ದಾದ್ರೂ ಕೇಳಿದ್ಯಲ್ಲ?” ಅಂದೆ.

“ಸದ್ದು ಕೇಳಾಕ ಇಷ್ಟು ದೂರ ಬರಬೇಕೇನಲೇ? ಹಿಟ್ಟಿನ ಗಿರಣ್ಯಾಗೂ ಹಿಂಗೇ ಸದ್ದು ಬರತೈತಿ.”

ಸುತ್ತ ನಿಂತವರು ನಕ್ಕರು. ಅವ್ವ ನಗಲಿಲ್ಲ.

“ಕಣದಾಗ ರಾಶಿ ತೂರೋವಾಗ ಗಾಳಿ ನಿಂತ್ರ ಮನಿಗೆ ಹೋಗತೀವೇನು? ಮೊರ ಹಿಡ್ಕಂಡು ಕುಂದ್ರತೀವಿ. ಗಾಳಿ ಬರಲಿ, ತಡಿ.”

ಕಾಳಿನ ಹೊಟ್ಟಿಗೂ ಮಂಜಿಗೂ ಗಾಳಿಯೊಂದೇ ಮದ್ದು ಎಂದು ಅವಳಿಗೆ ಯಾರು ಹೇಳಿದರೋ!

ಅವಳನ್ನು ಕಂಬಿಯ ಹತ್ತಿರವೇ ಕೂರಿಸಿ, ಬಸಣ್ಣನನ್ನು ಗಾಡಿಯ ಕಡೆ ಕರೆದೊಯ್ದೆ. ಅರ್ಧ ತಾಸು ಕಾಯಲು ಇನ್ನೂರು ಕೇಳಿದ. ನಾನು ಐವತ್ತಕ್ಕೆ ನಿಂತೆ. ಅವನು ಜಗ್ಗಿದ, ನಾನು ಜಗ್ಗಿದೆ. ಇನ್ನೇನು ಸೌದಾ ಕುದುರಬೇಕು, ಬೆನ್ನ ಹಿಂದೆ ಜನ ‘ಹೋ’ ಎಂದು ಕೂಗಿದರು. ಓಡಿದೆ. ಕಂಬಿ ಮುಟ್ಟುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿಕೊಂಡಿತ್ತು.

ಗಾಳಿ ಬಂದು ಹೋಗಿತ್ತು. ಅವ್ವ ನೋಡಿದ್ದಳು. ನಾನು ನೋಡಿರಲಿಲ್ಲ.

ಮರಳುವ ದಾರಿಯುದ್ದಕ್ಕೂ ಅವ್ವನನ್ನು ಕೇಳಿದ್ದೇ ಕೇಳಿದ್ದು. ಹೆಂಗಿತ್ತು? ನಾಲ್ಕು ಧಾರೆಯೂ ಕಂಡವೇ? ತಳ ಕಂಡಿತೇ?

“ಬೀಳೋದು ಕಂಡಿತು ತಮ್ಮಾ. ನೆಲ ಮುಟ್ಟೋದು ಕಾಣಲಿಲ್ಲ,” ಎಂದಳು. ಆಮೇಲೆ ಸಾಗರ ದಾಟಿದರೂ ಕಿಟಕಿಯಾಚೆ ನೋಡುತ್ತ ತನ್ನಷ್ಟಕ್ಕೇ ನಗುತ್ತಿದ್ದಳು.

ನೀವು ಹೋಗುವುದಾದರೆ ಕೇಳಿ. ಮಳೆ ಸುರಿಯುವ ದಿನ ಹೋಗಬೇಡಿ. ಮಳೆ ಬಿಟ್ಟು, ಬಿಸಿಲು ಬಿದ್ದ ಮೇಲೆ ಹೋಗಿ. ತೀರ ತಡ ಮಾಡಿದರೆ ಬೇಸಿಗೆಯಲ್ಲಿ ಬರೀ ಬಂಡೆ ನೋಡಿ ಬರಬೇಕು. ವೇಟಿಂಗ್ ಎಷ್ಟು ಎಂಬುದನ್ನು ಊರಲ್ಲೇ ಮಾತಾಡಿ ಮುಗಿಸಿ. ಆದರೂ ಅಲ್ಲಿ ಚೌಕಾಸಿ ಮಾಡುವ ಪ್ರಸಂಗ ಬಂದರೆ ಧಾರಾಳವಾಗಿ ಮಾಡಿ, ಮುಖ ಮಾತ್ರ ಜೋಗದ ಕಡೆಗಿರಲಿ.